ಬುಗುರಿ ಮೇಷ್ಟ್ರು

ಚಂದ್ರಾ ಲೇಔಟಿನ ಶಂಭುಲಿಂಗಪ್ಪ ಮೇಷ್ಟ್ರು 2006ರ ಜೂನ್ ಐದರ ಸೋಮವಾರ ಬೆಳಿಗ್ಗೆ ತೀರಿಕೊಂಡರು. ಪ್ರಯೋಗಶಾಲೆಯ ಪಕ್ಕದ ಮೇಜಿನ ಕಿರಿಯ ಗೆಳೆಯ ಉದಯಕುಮಾರನಿಗೆ ಅಳುವಿಗಿಂತ ಮೊದಲು ಕೈ ಮುಗಿಯಬೇಕೆನಿಸಿತು. ಪ್ಲಾಸ್ಟಿಕ್ಕಿನ ತೆಳುಪದರದಿಂದ ಬಿಸಿಲನ್ನು ಕರೆಂಟು ಮಾಡುವುದು ಮೇಷ್ಟ್ರ ಕೆಲಸ. ಅವರ ಪ್ರಯೋಗದ ದೊಡ್ಡ ಅಯಸ್ಕಾಂತದ ಹತ್ತಿರ ಬಂದವರ ಕೀಲಿ, ಗಡಿಯಾರ, ಸೀರೆಯ ಪಿನ್ನು ಎಲ್ಲವೂ ಡಬ್ಬಿಗೆ. ಒಮ್ಮೆ ಡೈರೆಕ್ಟರ ಬೆಲ್ಟನ್ನೂ ಬಿಚ್ಚಿಸಿದ್ದರು. "ನಿಮ್ಮ ಕೊರಳ ಲಿಂಗದ ಕರಡಿಗೆ, ಸಾರ್?" ಎಂದು ಉದಯ ಕೇಳಿದರೆ, "ಬೆಳ್ಳಿ ಕಣಯ್ಯ, ಶಿವನಿಗೆ ಬಿಟ್ಟು ಇನ್ಯಾರಿಗೂ ಬಗ್ಗಲ್ಲ!" ಎಲೆಕ್ಟ್ರಾನಿನ ತಿರುಗಾಟವಾದ ಸ್ಪಿನ್ ಅವರ ಬಾಯಲ್ಲಿ ಬುಗುರಿ. "ಬೆಳಕು ಬಿದ್ರೆ ಜೋಡಿ ಬುಗುರಿ ಹುಟ್ತವೆ. ಎದುರುಬದುರು ತಿರುಗಿದ್ರೆ ತಬ್ಕೊಂಡು ಅಲ್ಲೇ ಆರಿಹೋಗ್ತವೆ, ಒಂದೇ ಕಡೆ ತಿರುಗಿದ್ರೆ ಬೇರೆಯಾಗಿ ಕರೆಂಟಾಗ್ತವೆ." ಅಯಸ್ಕಾಂತ ಇದನ್ನು ಬದಲಿಸಲಾರದು ಎಂದು ಲೇಖನ ಬರೆದೇ ಅವರು ಹೆಸರು ಮಾಡಿದ್ದು. ಉದಯನ ಅಳತೆಯಲ್ಲಿ ಮಾತ್ರ ಅಯಸ್ಕಾಂತ ಹತ್ತಿರ ತಂದರೆ ಕರೆಂಟು ಶೇಕಡ ಎರಡು ಏರುತ್ತಿತ್ತು. "ವೈರ್ ಲೂಸ್ ಇರ್ಬೇಕು ನೋಡು ಗುರು" ಎಂದು ಎಲ್ಲರೂ ನಕ್ಕರು, ಅವನ ಪಿಎಚ್‌ಡಿ ನಿಂತಿತು. ಮೇಷ್ಟ್ರು ನಗಲಿಲ್ಲ, ಮೂರು ವಾರ ಅವನ ಜೊತೆ ಕೂತು ಮತ್ತೆ ಮತ್ತೆ ಅಳೆದರು. ತೀರಿಕೊಳ್ಳುವ ಹಿಂದಿನ ದಿನ, ಭಾನುವಾರ ಸಂಜೆ, "ನನ್ನ ಲೇಖನ ತಪ್ಪು, ಉದಯಕುಮಾರನ ಅಳತೆ ಸರಿ" ಎಂದು ಆ ಲೇಖನ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಗೆ ಬರೆದು, ವಿಜಯನಗರದವರೆಗೆ ನಡೆದು ಹೋಗಿ ತಾವೇ ಅಂಚೆ ಡಬ್ಬಿಗೆ ಹಾಕಿಬಂದರು.