ರೋಮಿನ ಅಪ್ಪ, ನಮ್ಮನೆಯ ಮಾವ

“ಹಳೇ ರೋಮನರ ಮನೆಗೆ ಯಜಮಾನ ಯಾರು?” ಎಂದು ಚರಿತ್ರೆಯ ಮಾಷ್ಟ್ರು ಕೇಳಿದಾಗ ನಾನು ಎದ್ದು ನಿಂತು, ಬಲು ಧೈರ್ಯದಿಂದ, “ಸೋದರಮಾವ” ಎಂದೆ. ತರಗತಿಯ ಬ್ರಾಹ್ಮಣ ಹುಡುಗರು ಬಿದ್ದು ಬಿದ್ದು ನಕ್ಕರು. ಅವರ ಮನೆಗಳಲ್ಲಿ ಅಪ್ಪನೇ ಯಜಮಾನ ಎಂದು ನನಗೂ ಗೊತ್ತಿತ್ತು. ಆದರೆ ರೋಮನರು ಗದ್ದೆ ಉಳುವವರು, ಯುದ್ಧಕ್ಕೆ ಹೋಗುವವರು. ನಮ್ಮ ಹಾಗೇ ಇರಬೇಕು ಎಂದುಕೊಂಡಿದ್ದೆ. ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಕುಟುಂಬದವರು, ಅಮ್ಮನ ಅಣ್ಣ ಹೇಳಿದ್ದೇ ಕಟ್ಟಳೆ. ಅಪ್ಪ ಬಂದು ಹೋಗುವವರು.

ಇದು ಮಂಜೇಶ್ವರದಲ್ಲಿ, ನಲವತ್ತರ ದಶಕದಲ್ಲಿ, ನಮ್ಮೂರಿನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗಿನ ಮಾತು.

“ಕೂತ್ಕೊ ಮಾರಾಯ್ತಿ, ಅಲ್ಲಿ ಎಲ್ಲ ಅಪ್ಪನೇ” ಎಂದರು ಮಾಷ್ಟ್ರು. ರೋಮಿನ ಅಪ್ಪ ಮಕ್ಕಳನ್ನು ಮಾರಬಹುದಿತ್ತಂತೆ, ಕೊಂದರೂ ಕೇಳುವವರಿಲ್ಲವಂತೆ. ತಲೆ ನರೆತ ಮಗ ಕೂಡ, ಅಪ್ಪ ಬದುಕಿರುವ ತನಕ, ಸ್ವಂತದ್ದು ಅಂತ ಒಂದು ಎತ್ತನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಅಂಥ ದೊಡ್ಡ ಮನೆತನಗಳ ಹಿರಿಯರೆಲ್ಲ ಕೂತು ಊರಾಳುವ ಸಭೆಗೆ ಸೆನೆಟ್ ಎಂದು ಹೆಸರು. ಪಕ್ಕದ ಹುಡುಗಿ ಹೆದರಿ ನನ್ನ ಕೈ ಹಿಡಿದುಕೊಂಡಳು. ನನಗೋ ಹೊಟ್ಟೆಕಿಚ್ಚು. ಮಾರುವ ಅಧಿಕಾರ ಇರುವವನಿಗೆ ಶಾಲೆಗೆ ಕಳಿಸುವ ಅಧಿಕಾರವೂ ಇರುತ್ತದಲ್ಲ!

ಆ ವಾರವೇ ಮಾವ ನನ್ನ ಶಾಲೆ ಬಿಡಿಸುವ ಮಾತು ತೆಗೆದಿದ್ದರು. “ಸಂಬಂಧ ಬಂದುಂಟು. ಹೆಣ್ಣಿಗೆ ಇಷ್ಟು ಓದಿದ್ದು ಸಾಕು” ಎಂದಿದ್ದರು. ಅಮ್ಮ ತಲೆ ಎತ್ತದೆ ತೆಂಗಿನಕಾಯಿ ತುರಿಯುತ್ತಲೇ ಇದ್ದಳು. ಅವಳ ಮೇಲೆ ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮುಂದಿನ ಪಾಠದಲ್ಲಿ ರೋಮಿನ ಬಡವರು ದೊಡ್ಡವರ ಕಾಟ ತಾಳಲಾರದೆ ಊರು ಬಿಟ್ಟು ಗುಡ್ಡ ಹತ್ತಿ ಕೂತರು. ಉಳುವವರೂ ಇಲ್ಲ, ಕಾದಾಡುವವರೂ ಇಲ್ಲ ಎಂದಾದಾಗ ದೊಡ್ಡವರು ತಣ್ಣಗಾದರು. ಬಡವರ ಪರವಾಗಿ ಮಾತಾಡಲಿಕ್ಕೆ ಟ್ರಿಬ್ಯೂನ್ ಎಂಬ ಅಧಿಕಾರಿ ಬಂದ. ಅವನು ‘ಬೇಡ’ ಎಂದರೆ ಎಂಥವರ ಕೆಲಸವೂ ಅಲ್ಲಿಗೇ ನಿಲ್ಲಬೇಕು. ಅವನ ಮೈ ಮುಟ್ಟುವ ಹಾಗಿಲ್ಲ, ಅವನು ಮನೆ ಬಾಗಿಲು ಮುಚ್ಚುವ ಹಾಗಿಲ್ಲ. ಗುಡ್ಡ ಹತ್ತುವ ಧೈರ್ಯ ನನಗಿರಲಿಲ್ಲ. ಬೇಡ ಎನ್ನುವ ಒಬ್ಬರು ಸಿಕ್ಕಿದರೆ ಸಾಕಿತ್ತು.

ಅಪ್ಪನ ಮನೆ ಬೆಳ್ಳೂರಿನ ಕಡೆ. ಆ ಶನಿವಾರವೂ ನೆಂಟರ ಹಾಗೆ ಬಾಳೆಗೊನೆ ಹಿಡಿದುಕೊಂಡು ಬಂದರು. ನೆಂಟರಿಗೆ ಕೊಡುವ ಬೆಲ್ಲ, ನೀರನ್ನೇ ಅಮ್ಮ ಅವರಿಗೂ ಕೊಟ್ಟಳು. ಕಾಲು ತೊಳೆಯಲು ಬಾವಿಕಟ್ಟೆಗೆ ಹೋದವರನ್ನು ನಾನು ಅಲ್ಲೇ ಹಿಡಿದೆ. ನಮ್ಮ ಮನೆಮಾತು ತುಳು. ತೂಕ ಹೆಚ್ಚಲಿ ಎಂದು ಅವತ್ತು ಶಾಲೆಯ ಕನ್ನಡದಲ್ಲೇ ಕೇಳಿದೆ. “ಅಪ್ಪ, ನೀವು ಮಾವನಿಗೆ ಬೇಡ ಅಂತ ಹೇಳಿ. ಒಂದೇ ಶಬ್ದ.”

“ನಾನು ಹೇಳುವುದಾ?” ಎಂದರು. ಆಮೇಲೆ ನನ್ನ ಮುಖ ನೋಡಿ, “ನೋಡುವ” ಎಂದರು.

ಚಾವಡಿಯಲ್ಲಿ ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಅಪ್ಪ ಗಂಟಲು ಸರಿ ಮಾಡಿಕೊಂಡರು.

“ಭಾವ, ಹುಡುಗಿ ಚುರುಕು ಉಂಟಂತೆ. ಈಗಲೇ ಬಿಡಿಸುವುದು ಬೇಡ ಅಂತ...”

ಮಾವ ಗದರಿದ್ದರೆ ಚೆನ್ನಾಗಿತ್ತು. ಜನ್ಮವಿಡೀ ಅವರನ್ನು ದ್ವೇಷಿಸಿಕೊಂಡು ಹಾಯಾಗಿರಬಹುದಿತ್ತು. ಅವರು ಎಲೆಯನ್ನು ಕೆಳಗಿಟ್ಟರು.

“ಭಾವ, ನನ್ನ ಮಗಳನ್ನು ಅವಳ ಸೋದರಮಾವ ಶಾಲೆ ಬಿಡಿಸಿದರಲ್ಲ, ಆಗ ನಾನೂ ಅಲ್ಲಿಗೆ ಹೋಗಿದ್ದೆ. ಎಂತ ಹೇಳ್ಲಿಕ್ಕಾಯ್ತು? ಬೆಲ್ಲ ತಿಂದು ನೀರು ಕುಡಿದು ಬಂದೆ.”

ಇಬ್ಬರೂ ಅಂಗಳ ನೋಡುತ್ತಾ ಕೂತರು. ಒಳಗಿಂದ ಅಮ್ಮ ಊಟಕ್ಕೆ ಕರೆದಾಗ ಮಾವನೇ ಎದ್ದು, “ಬನ್ನಿ ಭಾವ” ಎಂದು ಅಪ್ಪನ ಹೆಗಲು ಮುಟ್ಟಿದರು. ನಾನೇ ಬಡಿಸಿದೆ. ಅಪ್ಪ ನನ್ನ ಮುಖ ನೋಡದೆ, ಬಡಿಸಿದ್ದನ್ನೆಲ್ಲ ಉಂಡರು.

ಸೋಮವಾರ ನಾನು ಶಾಲೆಗೆ ಹೋಗಲಿಲ್ಲ. ರೋಮ್ ಮುಂದೆ ದೊಡ್ಡ ಸಾಮ್ರಾಜ್ಯವಾಯಿತು, ಕೊನೆಗೆ ಬಿದ್ದೂಹೋಯಿತು ಎಂದು ಮೊಮ್ಮಕ್ಕಳು ಹೇಳುತ್ತಾರೆ. ಇರಬಹುದು. ನನಗೆ ಗೊತ್ತಿರುವುದು ‘ಬೇಡ’ ಎನ್ನುವವನು ಬಂದಲ್ಲಿಯವರೆಗೆ ಮಾತ್ರ.