ಜೇವರ್ಗಿಯ ಮಾತಾಡುವ ಡಬ್ಬಿ

ಆಳಂದದಲ್ಲಿ ಅಫಜಲಪುರದ ಬಸ್ಸು ಹತ್ತಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರು ಹೆಂಗಸರ ಉಚಿತ ಟಿಕೆಟ್ ಕೊಟ್ಟರು. ಹೊರಟದ್ದು ಜೇವರ್ಗಿಯ ಖಾಲಾನ ಮನೆಗೆ. ಖಾಲಾ ಅಂದರೆ ಅಮ್ಮಿಯ ತಂಗಿ. ಬಿಪಿ ಗುಳಿಗೆ ಮರೆಯುತ್ತಾರೆಂದು ಅವರಿಗೊಂದು ಮಾತಾಡುವ ಡಬ್ಬಿ ಮಾಡಿಕೊಟ್ಟಿದ್ದೆ. ಅದರೊಳಗಿನ ದನಿ ಅಮ್ಮಿಯದೇ. ಆದರೂ ಖಾಲಾ ಗುಳಿಗೆ ತಪ್ಪಿಸಿ, ತಲೆ ತಿರುಗಿ ಬಿದ್ದಿದ್ದರು. ಇಂಥ ವಸ್ತುಗಳನ್ನು ವಿನ್ಯಾಸ ಮಾಡುವುದೇ ನನ್ನ ಕಸುಬು. ತಪ್ಪು ನನ್ನ ಡಬ್ಬಿಯದೇ ಇರಬಹುದೇ ಅನ್ನುವ ಅಳುಕು.

ಈ ಕಸುಬು ಕಾಲೇಜಿನಲ್ಲಿ ಕಲಿತೆ ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಅಂದರೆ ಕಲಿತದ್ದು ಅಬ್ಬಾನ ಸೈಕಲ್ ದುರಸ್ತಿ ಅಂಗಡಿಯಲ್ಲಿ. ಗಿರಾಕಿ ಬಂದರೆ ಅಬ್ಬಾ ತಕ್ಷಣ ನಟ್ಟು ಬಿಚ್ಚುವ ಪಾನಾ ಮುಟ್ಟುತ್ತಿರಲಿಲ್ಲ. “ಮೊದ್ಲು ಸೈಕಲ್ ಹೊಡದು ತೋರಸ್ರಿ” ಅನ್ನುವರು. ಮೊಣಕಾಲು ನೋಯುತ್ತದೋ, ಸೊಂಟ ಬಾಗುತ್ತದೋ ಅಂತ ಸವಾರನನ್ನೇ ನೋಡುವರು. ಸೈಕಲ್ಲು ಆಮೇಲೆ.

ಅಫಜಲಪುರದಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದು ಜೇವರ್ಗಿ ಬಸ್ಸು ಹಿಡಿದೆ. ಘತ್ತರಗಿ ತಾಯಿಯ ದರ್ಶನಕ್ಕೆ ಹೊರಟಿದ್ದ ಪಕ್ಕದ ಸೀಟಿನ ಅಜ್ಜಿ ನನ್ನ ಕಣ್ಣು ನೋಡಿ, “ಯಾಕವ್ವಾ, ಅಳಾಕತ್ತೀಯೇನು?” ಅಂದಳು.

“ಭಜಿ ಖಾರ ಇತ್ತರೀ,” ಅಂದೆ. ಅರ್ಧ ಸುಳ್ಳು.

“ಎಲ್ಲಾ ಚೊಲೊ ಆಗ್ತದ ತಗೊ,” ಅಂತ ಬೆನ್ನು ಸವರಿ ಘತ್ತರಗಿಯಲ್ಲಿ ಇಳಿದಳು. ಭೀಮಾ ಹೊಳೆಯಲ್ಲಿ ನೀರಿತ್ತು. ಸ್ವಲ್ಪ ಸಮಾಧಾನವಾಯಿತು.

ಖಾಲಾ ಬಾಗಿಲಲ್ಲೇ ನಿಂತಿದ್ದರು. “ನಿನ್ನ ಡಬ್ಬಿ ಭಾಳ ಶಾಣ್ಯಾ ಅದ ಬೇಟಿ. ದಿನಾ ಕೇಳ್ತೇನಿ.”

“ಹೆಂಗ ಬಳಸ್ತೀರಿ, ತೋರಸ್ರಿ ಖಾಲಾ.”

ಗುಂಡಿ ಒತ್ತಿದರು. ಅಮ್ಮಿಯ ದನಿ ಬಂತು: “ಕಲ್ ಕೀ ಗೋಲಿ ಬಾಕೀ ಹೈ.”

ಖಾಲಾ ತಲೆಯಾಡಿಸಿ ಡಬ್ಬಿ ಮುಚ್ಚಿಟ್ಟರು. “ನೋಡು, ಇವತ್ತಿಂದು ಮುಗದದ. ನಾಳಿಂದು ಬಾಕಿ ಅದ.”

ಯಾ ಅಲ್ಲಾ! ನಮ್ಮ ಉರ್ದುವಿನಲ್ಲಿ ನಿನ್ನೆಯೂ ಕಲ್, ನಾಳೆಯೂ ಕಲ್. ನಿನ್ನೆಯ ಗುಳಿಗೆ ತಪ್ಪಿದೆ ಅಂತ ಎಚ್ಚರಿಸಲು ನಾನು ಹಾಕಿದ ಮಾತು ಅದು. ಖಾಲಾ ಅದನ್ನೇ ಕೇಳಿ ದಿನಾ ನೆಮ್ಮದಿಯಿಂದ ತಮ್ಮ ಬಳೆ ಅಂಗಡಿಗೆ ಹೋಗುತ್ತಿದ್ದರು! ನಗು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು.

“ಅಂಗಡ್ಯಾಗ ನಾಳೆ ಬರ್ರಿ ಅಂತ ಗಿರಾಕಿಗೆ ಕನ್ನಡದಾಗೇ ಹೇಳ್ತೇನಿ,” ಅಂದರು ಖಾಲಾ. “ಯಾರೂ ನಿನ್ನಿ ಬಂದಿಲ್ಲ.”

ಅಲ್ಲೇ ಅಮ್ಮಿಗೆ ಫೋನ್ ಹಚ್ಚಿ, ಕನ್ನಡದಲ್ಲಿ ಹೇಳಿ ಕಳಿಸು ಅಂದೆ. “ಒಡಹುಟ್ಟಿದ ತಂಗಿ ಜೊತಿ ಕನ್ನಡಾ ಮಾತಾಡ್ಲೇನು? ಆಕಿ ಏನ್ ಗಿರಾಕಿಯೇನು?” ಅಂತ ಅಮ್ಮಿ ಸಿಡಿದಳು. ಸಿಟ್ಟು ಇಳಿಯುವ ಮೊದಲೇ ದನಿ ಕಳಿಸಿದಳು. ಅದನ್ನು ಡಬ್ಬಿಗೆ ತುಂಬಿ ಗುಂಡಿ ಒತ್ತಿದೆ.

“ನಿನ್ನಿ ಗುಳಿಗಿ ತಗೊಂಡಿಲ್ಲಬೇ! ಇವತ್ತಿಂದಾದ್ರೂ ತಗೊ!”

ಖಾಲಾ ಗಡಬಡಿಸಿ ತಲೆ ಮೇಲೆ ಸೆರಗೆಳೆದುಕೊಂಡರು. “ತಗೋತೇನಿ ಆಪಾ, ತಗೋತೇನಿ,” ಅಂತ ಅಕ್ಕನೇ ಎದುರಿಗಿದ್ದ ಹಾಗೆ ಡಬ್ಬಿಗೇ ಹೇಳಿ, ಗುಳಿಗೆ ನುಂಗಿ ನೀರು ಕುಡಿದರು.

ಮರುದಿನ ವಾಪಸು ಬರುವಾಗ, ಬಸ್ಸು ಭೀಮೆಯ ಸೇತುವೆ ಮೇಲಿದ್ದಾಗ ಖಾಲಾನ ಫೋನು ಬಂತು.

“ಇವತ್ತಿಂದು ತಗೊಂಡೀನಿ ಬೇಟಿ,” ಅಂದರು. ಆಮೇಲೆ ನಗುತ್ತಾ, “ನಾಳಿಂದು ಬಾಕಿ ಅದ.”