ಹಳ್ಳದ ಮೇಲಿನ ಎರಡು ಹಳಿ

ಅಮೀರ್ಬೀಗೆ ಕೂತು ಗೊತ್ತಿಲ್ಲ. ಚಿಂಚೋಳಿ ಗುಡ್ಡದ ಕಲ್ಲುಗಣಿಯಿಂದ ಇಳಿಯುತ್ತಿದ್ದ ಪುಟ್ಟ ರೈಲುಗಾಡಿಯ ಜೊತೆ ಓಡಿ ಬೆಳೆದ ಹೆಂಗಸು. ಇಳಿಜಾರಿನಲ್ಲಿ ಗಾಡಿಗೆ ಇಂಜಿನು ಬೇಕಿರಲಿಲ್ಲ, ಕಲ್ಲಿನ ಭಾರವೇ ಎಳೆದುಕೊಂಡು ಹೋಗುತ್ತಿತ್ತು. ವೇಗ ಹೆಚ್ಚಿದರೆ ಪಕ್ಕದಲ್ಲಿ ಓಡುತ್ತ ಗಾಲಿಯ ಮುಂದೆ ಜಾಲಿಕಟ್ಟಿಗೆಯ ಬೆಣೆ ಇಡುವುದು ಹೆಂಗಸರ ಕೆಲಸ. ಕೈ ತಪ್ಪಿದರೆ ಬೆರಳೂ ಹೋಯಿತು, ಅಂದಿನ ಕೂಲಿಯೂ ಹೋಯಿತು. ಲಾರಿಗಳು ಬಂದ ಮೇಲೆ ಕಂಪನಿ ಗಾಡಿ ನಿಲ್ಲಿಸಿ, ಹಳಿಗಳನ್ನು ಅಲ್ಲೇ ಬಿಟ್ಟು ಹೋಯಿತು. ಆಳುಗಳನ್ನೂ ಹಾಗೇ ಬಿಟ್ಟಿತು.

ಗುಡ್ಡದ ಮೇಲೆ ಉಳಿದ ಕಲ್ಲೊಡೆಯುವವರ ಓಣಿಗೆ ಹಳಿಗುಂಟ ಬಿದ್ದ ಕಾಲುದಾರಿಯೇ ದಿಕ್ಕು. ನಡುವೆ ಹಳ್ಳ. ಮಳೆಗಾಲದಲ್ಲಿ ಅದು ತುಂಬಿ ಬಂದರೆ ದಾಟಲು ಇದ್ದದ್ದು ಗಾಡಿಯ ಹಳೇ ಸೇತುವೆ. ಎರಡು ಹಳಿ, ಅವುಗಳ ಮೇಲೆ ಓಣಿಯವರು ಹಾಸಿದ ಫರಸಿಕಲ್ಲು, ಅಷ್ಟೇ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಕೆಲ ವರ್ಷವಾಗಿತ್ತು. ಆ ಬೇಸಿಗೆಯ ಕೊನೆಗೆ ವಾಡಿಯ ಗುಜರಿ ಗುತ್ತಿಗೆದಾರ ಧರ್ಮಣ್ಣ ಹಳಿಯನ್ನೆಲ್ಲ ಲಿಲಾವಿನಲ್ಲಿ ಕೂಗಿ ಹಿಡಿದು, ಕೆಳಗಿನಿಂದ ಕೊಯ್ಯುತ್ತ ಮೇಲೆ ಬಂದ. ಅಮೀರ್ಬೀಯ ಮಗಳು ಬಷೀರಾಗೆ ದಿನ ತುಂಬುತ್ತಿದ್ದವು. ಹೆರಿಗೆ ಮಳೆಯಲ್ಲೇ. ಸೇತುವೆ ಹೋದರೆ ಚಿಂಚೋಳಿಯ ದವಾಖಾನೆಯೂ ಹೋದಂತೆ. ಮುದುಕಿ ಅರ್ಧ ಬೀಸಿದ ಜೋಳ ಬಿಟ್ಟು ಏಳುವಳು, ಕೊಯ್ದ ತುದಿ ಎಲ್ಲಿಗೆ ಬಂತೆಂದು ಇಳಿದು ನೋಡುವಳು, ಬಂದು ಬೀಸುವಳು, ಮತ್ತೆ ಏಳುವಳು.

ಹಳಿ ಕೊಯ್ಯುವ ಗ್ಯಾಸಿನ ಉರಿ ಸೇತುವೆಗೆ ತಾಗುವ ದಿನ ಓಣಿಯ ಹೆಂಗಸರೆಲ್ಲ ಹಳಿಯ ಮೇಲೆ ಕೂತರು. ಧರ್ಮಣ್ಣ ಬೈಯಲಿಲ್ಲ. ಬೀಡಿ ಹಚ್ಚಿ ಓಣಿಯ ಕಡೆ ನೋಡಿದ.

"ಗುಡ್ಡದ ಮ್ಯಾಲಿನ ಹಳಿ ಎಲ್ಲಿ ಹೋದ್ವು ಯವ್ವಾ? ನಿಮ್ಮ ಮನಿ ತೊಲಿ ಏನು ಆಕಾಶದಿಂದ ಬಿದ್ದಾವ?"

ಓಣಿಯ ಒಂದೊಂದು ಮನೆಯ ಫರಸಿ ಹಾಸಿದ ಮಾಳಿಗೆಯೂ ಕಂಪನಿಯ ಹಳಿಯ ಮೇಲೇ ನಿಂತಿತ್ತು. ಕಂಪನಿ ಕೂಲಿ ಮುಳುಗಿಸಿ ಓಡಿದಾಗ ಹಳಿ ಕಿತ್ತು ತೊಲೆ ಮಾಡಿಕೊಂಡಿದ್ದರು. ಅದು ಕಳವು ಅಂತ ಯಾರಿಗೂ ಅನಿಸಿರಲಿಲ್ಲ. ಈಗ ಒಬ್ಬೊಬ್ಬರೇ ಎದ್ದು ಮನೆ ಕಾಯಲು ಹೋದರು. ಸಂಘಟನೆ ಮುರಿಯುವುದು ಹೀಗೆಯೇ, ಲಾಠಿಯೇ ಬೇಕೆಂದಿಲ್ಲ.

ಅಮೀರ್ಬೀ ಒಬ್ಬಳೇ ಉಳಿದಳು. "ನಿನಗ ಕಬ್ಬಿಣ ಬೇಕಲ್ಲೇನು? ಮನ್ಯಾಂದು ಒಯ್ಯಿ. ಇದು ಬಿಡು."

ಧರ್ಮಣ್ಣನಿಗೆ ದಯೆ ಬಂತೆಂದರೆ ಸುಳ್ಳು. ಹಳ್ಳದ ಮೇಲೆ ಜೋತು ಕೊಯ್ಯಲು ಅವನ ಆಳುಗಳೇ ಒಪ್ಪುತ್ತಿರಲಿಲ್ಲ. ಸೇತುವೆಯ ಎರಡು ಹಳಿಗೆ ಎರಡು ಹಳಿ ಅಂದ.

ಅವಳು ಹಾರೆ ಹಿಡಿದು ಮಾಳಿಗೆ ಏರಿ ಫರಸಿ ಎಬ್ಬಿಸತೊಡಗಿದಳು. ಕೆಳಗೆ ಬಷೀರಾ ಹೊಟ್ಟೆ ಹಿಡಿದು ಅಳುತ್ತಿದ್ದಳು. ಮಳೆಯಲ್ಲಿ ಕೂಸು ಎಲ್ಲಿ ಮಲಗಿಸಲಿ ಅಂದಳು.

"ಮ್ಯಾಲಿಂದ ಬರೋ ನೀರಿಗೆ ಯಾರೂ ಸಾಯಂಗಿಲ್ಲ," ಅಂದಳು ತಾಯಿ.

ಅವಳ ಮನೆಯಿಂದ ಬಂದದ್ದು ಒಂದೇ ಹಳಿ. ಇನ್ನೊಂದಕ್ಕೆ ನೆರೆಯ ಖಂಡೆಪ್ಪನ ಬಾಗಿಲಿಗೆ ಹೋಗಿ ನಿಂತಳು.

"ನೀ ತೆಗೀತಿಯೋ, ನಾ ಏರಲೋ?"

"ನಿನ್ನ ಮಗಳು ಹಡಿಲಿಕ್ಕ ನನ್ನ ಮಾಳಿಗಿ ಯಾಕ?"

"ನಿನ್ನ ಮಗ ಎಲ್ಲಿ ಹುಟ್ಯಾನ ಅಂತ ನಿನ್ನ ಹೇಣ್ತಿನ್ನ ಕೇಳು."

ಖಂಡೆಪ್ಪನ ಹೆಂಡತಿ ಭೀಮಮ್ಮ ಕೂಸು ಎತ್ತಿಕೊಂಡು ಒಳಗಿಂದ ಹೊರಬಂದಳು. ಹಿಂದಿನ ಮಳೆಗಾಲ ಹೆರಿಗೆ ನೋವಿನಲ್ಲಿ ಅವಳನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತು ಸೇತುವೆ ದಾಟಿಸಿದ್ದರು. ಕೂಸನ್ನು ಗಂಡನ ಕೈಗೆ ಕೊಟ್ಟು, ಮುದುಕಿಯ ಕೈಯಿಂದ ತಾನೇ ಹಾರೆ ಇಸಕೊಂಡಳು.

ಬಷೀರಾ ಮಳೆ ಬಿಟ್ಟ ಒಂದು ಒಣ ಮುಂಜಾನೆ, ಹುಲ್ಲಿನ ಚಪ್ಪರದಡಿ, ಮನೆಯಲ್ಲೇ ಹಡೆದಳು. ಸೇತುವೆ ಬೇಕಾಗಲೇ ಇಲ್ಲ. ಖಂಡೆಪ್ಪ ಆ ಮಾತು ಬಿಡುತ್ತಾನೆಯೇ? ಸೋರುವ ಮನೆಯ ಸಿಟ್ಟನ್ನು ಸಂತೆಗೆ ಹೋಗುವಾಗಲೆಲ್ಲ ಮುದುಕಿಯ ಬೆನ್ನ ಹಿಂದೆ ಉಗುಳುತ್ತ ನಡೆಯುತ್ತಿದ್ದ. ಹಳ್ಳ ಕೆಂಪಾಗಿ ಮೊರೆಯುತ್ತಿತ್ತು. ಅವಳು ಬುಟ್ಟಿ ಹೊತ್ತು ತಿರುಗಿ ನೋಡದೆ ದಾಟುವಳು. ಅವನೂ ಧೋತ್ರ ಎತ್ತಿ ಕಟ್ಟಿ, ಫರಸಿಯ ಮೇಲೆ ಜೋಪಾನವಾಗಿ ಕಾಲಿಡುತ್ತ, ಬೈಯುತ್ತಲೇ ದಾಟುವನು.